ಕೂಗು ಮತ್ತು ದಂಡ: ಗಡಿನಾಡಿನ ಸಾಕುನಾಯಿ, ಒಡೆಯ, ನೆರೆಮನೆಯ ಮಗು

ಉಮರ್ಗಾ, ನಿಲಂಗಾ ಮತ್ತು ಉದಗೀರ ತಾಲ್ಲೂಕುಗಳು ಇಂದು ಮಹಾರಾಷ್ಟ್ರದ ಮರಾಠವಾಡ ವಿಭಾಗಕ್ಕೆ ಸೇರಿದ್ದು, ಮೊದಲನೆಯದು ಧಾರಾಶಿವ ಜಿಲ್ಲೆಯಲ್ಲಿಯೂ ಉಳಿದೆರಡು ಲಾತೂರ ಜಿಲ್ಲೆಯಲ್ಲಿಯೂ ಇವೆ. ಆದರೆ 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬರುವವರೆಗೆ ನಿಲಂಗಾ ಮತ್ತು ಉದಗೀರ ಬೀದರ ಜಿಲ್ಲೆಯ ತಾಲ್ಲೂಕುಗಳಾಗಿದ್ದವು, ಕನ್ನಡ ಮತ್ತು ಮರಾಠಿ ಎರಡೂ ಇಲ್ಲಿಯ ಮನೆಮಾತುಗಳಾಗಿ ಇಂದಿಗೂ ಉಳಿದಿವೆ. ಈ ಸೀಮೆಯ ಚರಿತ್ರೆ ಬರೆಯುವವರು ಕೋಟೆಗಳ ಬಗ್ಗೆ, 1760ರ ಉದಗೀರ ಯುದ್ಧದ ಬಗ್ಗೆ, ರಜಾಕಾರರ ಕಾಲದ ಬಗ್ಗೆ ಬರೆದಿದ್ದಾರೆ. ಓಣಿಯ ಬದುಕನ್ನು ದಿನವೂ ತಟ್ಟುವ ಒಂದು ಪ್ರಶ್ನೆ ಮಾತ್ರ ಅವರ ಗಮನಕ್ಕೆ ಬಂದಂತಿಲ್ಲ. ಒಬ್ಬರ ಮನೆಯ ನಾಯಿ ಕಟ್ಟಿಲ್ಲದೆ ಓಣಿಗಿಳಿದು, ಅಲ್ಲಿ ಆಡುವ ಮಕ್ಕಳ ಮೈಮೇಲೆ ಹೋಗುವ ಸಂಭವವಿದ್ದರೆ ಹೊಣೆ ಯಾರದು, ಮತ್ತು ಆ ಹೊಣೆ ಶುರುವಾಗುವುದು ನಾಯಿ ಕಚ್ಚಿದ ಮೇಲೆಯೋ ಅದಕ್ಕೆ ಮೊದಲೋ ಎಂಬುದೇ ಆ ಪ್ರಶ್ನೆ. ಇದಕ್ಕೆ ದೊರೆಯುವ ಹಳೆಯ ಉತ್ತರಗಳಲ್ಲಿ ಅತ್ಯಂತ ಸ್ಪಷ್ಟವಾದದ್ದು ಈ ಸೀಮೆಯ ಮಗ್ಗುಲಲ್ಲಿಯೇ, ಉಮರ್ಗಾದ ನೆರೆಯ ಕಲ್ಯಾಣದಲ್ಲಿ, ಅಂದರೆ ಈಗಿನ ಬಸವಕಲ್ಯಾಣದಲ್ಲಿ ಬರವಣಿಗೆಗೆ ಬಂದಿತು.

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ, ಅಂದರೆ ವ್ಯಾಜ್ಯ ಮತ್ತು ದಂಡಗಳನ್ನು ಹೇಳುವ ಭಾಗದಲ್ಲಿ, ಕೋರೆಹಲ್ಲಿನ ಪ್ರಾಣಿಯಾಗಲಿ ಕೊಂಬಿನ ಪ್ರಾಣಿಯಾಗಲಿ ಒಬ್ಬನನ್ನು ಹಿಂಸಿಸುತ್ತಿರುವಾಗ ಬಿಡಿಸಲು ಶಕ್ತನಾಗಿದ್ದೂ ಬಿಡಿಸದ ಒಡೆಯನು ‘ಪ್ರಥಮ ಸಾಹಸ’ ದಂಡವನ್ನು ತೆರಬೇಕು, ಸಿಕ್ಕಿಬಿದ್ದವನು ಕೂಗಿಕೊಂಡ ಮೇಲೂ ಸುಮ್ಮನಿದ್ದರೆ ಅದರ ಇಮ್ಮಡಿಯನ್ನು ತೆರಬೇಕು ಎಂಬ ವಿಧಿಯಿದೆ. ಸಾಹಸ ಎಂಬುದು ಇಲ್ಲಿ ದಂಡದ ಒಂದು ದರ್ಜೆ. ಅದೇ ಸ್ಮೃತಿಯ ಲೆಕ್ಕದಂತೆ ಉತ್ತಮ ಸಾಹಸ 1080 ಪಣ, ಮಧ್ಯಮ ಸಾಹಸ 540 ಪಣ, ಎಲ್ಲಕ್ಕಿಂತ ಕೆಳಗಿನದಾದ ಈ ಪ್ರಥಮ ಸಾಹಸ 270 ಪಣ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಇದೇ ವಿಧಿ ಹೆಚ್ಚು ಕಡಿಮೆ ಇದೇ ಮಾತಿನಲ್ಲಿರುವುದರಿಂದ ಇದು ಕಲ್ಯಾಣದಲ್ಲಿ ಹುಟ್ಟಿದ ವಿಚಾರವೆಂದು ಹೇಳಲಾಗದು. ವಿಜ್ಞಾನೇಶ್ವರನು ಉದಾಹರಣೆಯಾಗಿ ಆನೆ ಮೊದಲಾದವುಗಳನ್ನೂ ದನ ಮೊದಲಾದವುಗಳನ್ನೂ ಹೆಸರಿಸುತ್ತಾನೆಯೇ ಹೊರತು ನಾಯಿಯನ್ನು ಹೆಸರೆತ್ತಿ ಹೇಳುವುದಿಲ್ಲ. ಆದರೂ ಮೂಲದಲ್ಲಿರುವ ‘ದಂಷ್ಟ್ರಿ’ ಎಂಬ ಮಾತು ಕೋರೆಹಲ್ಲಿನ ಪ್ರಾಣಿಗಳೆಲ್ಲಕ್ಕೂ ಸಲ್ಲುವಂಥದು. ಪ್ರಾಣಿಯನ್ನು ನಡೆಸಲು ಅರಿಯದ ಆಳನ್ನು ನೇಮಿಸಿದ್ದೇ ಒಡೆಯನ ತಪ್ಪಿಗೆ ಮೂಲವೆಂದು ಅವನು ಕೊಡುವ ಕಾರಣವು ನಾಯಿಯ ಹಗ್ಗವನ್ನು ಎಳೆಯ ಹುಡುಗನ ಕೈಗೆ ಕೊಟ್ಟು ಕಳಿಸುವ ಇಂದಿನ ಮನೆಗೂ ಅಷ್ಟೇ ಹೊಂದುತ್ತದೆ.

ಈ ವಿಧಿಯಲ್ಲಿ ಎದ್ದು ಕಾಣುವ ಅಂಶವೆಂದರೆ, ದಂಡವನ್ನು ಇಮ್ಮಡಿಗೊಳಿಸುವುದು ಗಾಯದ ಆಳವಲ್ಲ, ಕೂಗು. ಒಡೆಯನಿಗೆ ತಿಳಿದಿತ್ತೇ, ತಿಳಿದೂ ಸುಮ್ಮನಿದ್ದನೇ ಎಂಬುದನ್ನು ಶಾಸ್ತ್ರವು ತೂಗಿ ನೋಡುತ್ತದೆ. ಬ್ರಿಟಿಷರ ನ್ಯಾಯಾಲಯಗಳು ಮಿತಾಕ್ಷರಾವನ್ನು ಹಿಂದೂ ಕುಟುಂಬಗಳ ಆಸ್ತಿಪಾಲಿನ ಗ್ರಂಥವಾಗಿ ಹಿಡಿದುಕೊಂಡವು, ಕೋಲ್‌ಬ್ರೂಕ್ 1810ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದವೂ ದಾಯಭಾಗದ ಪ್ರಕರಣಕ್ಕೆ ಸೀಮಿತವಾಗಿತ್ತು. ಹೊಲಮನೆ ಹಂಚುವ ವಿಧಿಗಳು ವಕೀಲರ ಬಾಯಲ್ಲಿ ಉಳಿದು, ನೆರೆಯವನ ಮೈಯನ್ನು ಕಾಯುವ ಈ ವಿಧಿಯು ಮರೆತುಹೋದದ್ದು ದೊಡ್ಡ ನಷ್ಟವೆಂದೇ ಹೇಳಬೇಕು.

ಅದೇ ಕಲ್ಯಾಣದಲ್ಲಿ, ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ ಎಂಬ ವಿಶ್ವಕೋಶದಂಥ ಗ್ರಂಥವನ್ನು ಬರೆಸಿ, ಅದರಲ್ಲಿ ‘ಸಾರಮೇಯ ವಿನೋದ’ ಎಂಬ ಭಾಗವನ್ನು ನಾಯಿಗಳಿಗೆಂದೇ ಮೀಸಲಿಟ್ಟನು. ಸಾರಮೇಯವೆಂದರೆ ದೇವಶುನಿಯಾದ ಸರಮೆಯ ಸಂತಾನ, ನಾಯಿ. ಒಂದೇ ಅರಮನೆಯ ನೆರಳಿನಲ್ಲಿ ಒಂದು ತಲೆಮಾರಿನೊಳಗೆ ನಾಯಿಯ ಮೇಲಿನ ಅಕ್ಕರೆಯೂ ಪ್ರಾಣಿಯ ಒಡೆಯನ ಮೇಲಿನ ದಂಡವೂ ಬರಹಕ್ಕಿಳಿದವು, ಮತ್ತು ಆ ಕಾಲಕ್ಕೆ ಇವೆರಡರ ನಡುವೆ ವಿರೋಧ ಕಂಡಂತಿಲ್ಲ. ಇದಕ್ಕೂ ಮೊದಲು, ತಮ್ಮನ್ನು ‘ಲಟ್ಟಲೂರ ಪುರವರಾಧೀಶ್ವರ’ರೆಂದು ಕರೆದುಕೊಂಡ, ಆದ್ದರಿಂದ ಇಂದಿನ ಲಾತೂರಿನೊಂದಿಗೆ ನೆನೆಯಲಾಗುವ ರಾಷ್ಟ್ರಕೂಟರ ಕಾಲದಲ್ಲಿ, ಮುಮ್ಮಡಿ ಕೃಷ್ಣನ ಅಧೀನನಾದ ಗಂಗರ ಬೂತುಗನಿಂದ ಮಣಲೇರನೆಂಬ ವೀರನು ಮೆಚ್ಚಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಹಂದಿಯೊಡನೆ ಹೋರಾಡಿ ಸತ್ತ ಆ ನಾಯಿಗೆ ಮಂಡ್ಯ ಸೀಮೆಯ ಆತಕೂರಿನಲ್ಲಿ ಕಲ್ಲು ನೆಡಲಾಯಿತು. ಆ ಕಲ್ಲಿಗೆ ಬಿಟ್ಟ ಭೂಮಿಯನ್ನು ನೋಡಿಕೊಳ್ಳುವ ಗೊರವನು, ಅಂದರೆ ಶೈವ ಪೂಜಾರಿಯು, ಕಲ್ಲನ್ನು ಪೂಜಿಸದೆ ಉಣ್ಣಬಾರದೆಂಬ ಕಟ್ಟಳೆಯೂ ಅದೇ ಶಾಸನದಲ್ಲಿದೆ.

ಗೊರವನ ಮತ್ತು ನಾಯಿಯ ನಂಟು ಗಡಿನಾಡಿನಲ್ಲಿ ಇಂದಿಗೂ ಕಣ್ಣಿಗೆ ಬೀಳುತ್ತದೆ. ಉದಗೀರದಿಂದ ಬೀದರದ ಕಡೆಗೆ ಭಾಲ್ಕಿ ತಾಲ್ಲೂಕಿನ ಖಾನಾಪುರದಲ್ಲಿ ಮೈಲಾರ ಮಲ್ಲಣ್ಣನ ಕ್ಷೇತ್ರವಿದೆ. ಉಮರ್ಗಾದಿಂದ ಸೊಲ್ಲಾಪುರದ ಕಡೆಗೆ ಹೋದರೆ ಅಣದೂರ ಮತ್ತು ನಳದುರ್ಗದಲ್ಲಿ ಅದೇ ದೇವರು ಖಂಡೋಬಾ ಎಂಬ ಹೆಸರಿನಲ್ಲಿ ವರ್ಷದ ಕೆಲವು ತಿಂಗಳು ಒಂದು ಊರಿನಲ್ಲಿಯೂ ಉಳಿದ ತಿಂಗಳು ಇನ್ನೊಂದರಲ್ಲಿಯೂ ನೆಲೆಸುತ್ತಾನೆ. ಬೇಟೆಗೆ ಹೊರಟ ಈ ದೇವರ ಜೊತೆಗೆ ನಾಯಿ ಇದ್ದೇ ಇರುತ್ತದೆ, ಮತ್ತು ಅವನಿಗೆ ಹರಕೆಯಾಗಿ ಬಿಟ್ಟವರು, ಅಂದರೆ ಗೊರವರೆಂದೂ ಕರೆಸಿಕೊಳ್ಳುವ ಕನ್ನಡದ ವಗ್ಗಯ್ಯರೂ ಮರಾಠಿಯ ವಾಘ್ಯಾಗಳೂ, ಕಂಬಳಿ ಹೊದ್ದು, ಭಂಡಾರ ಬಳಿದುಕೊಂಡು, ಜಾತ್ರೆಯಲ್ಲಿ ನಾಯಿಯಂತೆ ಬೊಗಳಿ, ದೋಣಿ ಎಂದು ಕರೆಯುವ ಮರದ ಪಾತ್ರೆಗೆ ನೇರವಾಗಿ ಬಾಯಿ ಹಚ್ಚಿ ಪ್ರಸಾದವನ್ನು ತಿನ್ನುವ ಆಚರಣೆಯಿದೆ. ಭೀಮಾ ತೀರದ ಗಾಣಗಾಪುರದಲ್ಲಿ ಪೂಜೆಗೊಳ್ಳುವ ದತ್ತಾತ್ರೇಯನ ಪಟದಲ್ಲಿ ಪಾದದ ಬಳಿ ನಿಂತ ನಾಲ್ಕು ನಾಯಿಗಳನ್ನು ನಾಲ್ಕು ವೇದಗಳೆಂದೇ ಭಕ್ತರು ತಿಳಿಯುತ್ತಾರೆ. ಹಾವಿನಹಾಳ ಕಲ್ಲಯ್ಯನು ನಾಯಿಯ ಬಾಯಲ್ಲಿ ವೇದ ಓದಿಸಿದನೆಂಬ ಶರಣರ ಕಥೆಯೂ ಈ ಭಾಗದ ಲಿಂಗಾಯತ ಮನೆಗಳಿಗೆ ಹೊಸದಲ್ಲ. ಇಂಥ ನೆಲದಲ್ಲಿ ನಾಯಿಗೆ ಕಲ್ಲೆತ್ತುವುದು ದೇವರಿಗೆ ಕೈಯೆತ್ತಿದಂತೆ ಕಾಣುತ್ತಿದ್ದುದು ಸಹಜ. ಆದ್ದರಿಂದ ದೂರು ಹೇಳಬೇಕಾದದ್ದು ನಾಯಿಯ ಒಡೆಯನಿಗೆ. ಮುಂಬಯಿಯಲ್ಲಿ 1832ರ ಜೂನ್ ತಿಂಗಳಲ್ಲಿ ಬ್ರಿಟಿಷ್ ಆಡಳಿತವು ಬೀದಿನಾಯಿಗಳನ್ನು ಕೊಲ್ಲಿಸಹೊರಟಾಗ ಪಾರ್ಸಿಗಳು ಮುಂದಾಗಿ ದಂಗೆಯೆದ್ದ ಘಟನೆಯು, ಒಡೆಯನನ್ನು ಬಿಟ್ಟು ನಾಯಿಯನ್ನಷ್ಟೇ ಹಿಡಿಯುವ ಕ್ರಮಕ್ಕೆ ಜನ ಹೇಗೆ ಪ್ರತಿಕ್ರಿಯಿಸಿದರೆಂಬುದನ್ನು ತೋರಿಸುತ್ತದೆ.

ಗಡಿನಾಡಿನ ಸಾಕುನಾಯಿ ಬಹುಮಟ್ಟಿಗೆ ಕೆಲಸದ ನಾಯಿ. ಕುರುಬರ ಮತ್ತು ಧನಗರರ ಕುರಿಹಿಂಡುಗಳೊಡನೆ ತೋಳದ ಕಾವಲಿಗೆ ನಡೆಯುವುದು ಒಂದು ಬಗೆಯದಾದರೆ, ಪಾಟೀಲ ದೇಶಮುಖರ ವಾಡೆಗಳಲ್ಲಿಯೂ ಅಲೆಮಾರಿ ಬೇಟೆಗಾರರ ಬಿಡಾರಗಳಲ್ಲಿಯೂ ಸಾಕುತ್ತಿದ್ದ ಉದ್ದ ಮೂತಿಯ, ಒಳಸರಿದ ಹೊಟ್ಟೆಯ ಬೇಟೆನಾಯಿ ಇನ್ನೊಂದು. ಕರ್ನಾಟಕದಲ್ಲಿ ಮುಧೋಳ ನಾಯಿಯೆಂದು ಹೆಸರಾದ ಈ ತಳಿಯನ್ನು ಲಾತೂರ ಸೀಮೆಯಲ್ಲಿ ಕಾರವಾನಿ ಎನ್ನುತ್ತಾರೆ. ಕಿವಿ ಬಾಲಗಳಲ್ಲಿ ನೀಳ ಕೂದಲಿರುವುದಕ್ಕೆ ಪಶ್ಮಿ ಎಂಬ ಹೆಸರು, ಮತ್ತು ಉದಗೀರದ ನೆರೆಯ ಚಾಕೂರ ತಾಲ್ಲೂಕಿನ ಜಾನವಳವು ಈ ನಾಯಿಗಳ ಸಾಕಣೆಗೆ ಹೆಸರಾದ ಊರು. ಈ ನಾಯಿ ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯಾಡುತ್ತದೆ, ದೂರದಲ್ಲಿ ಓಡುವುದೊಂದು ಕಂಡರೆ ಸಾಕು, ಬೆನ್ನಟ್ಟುತ್ತದೆ. ಮೊಲ ಮತ್ತು ಕೃಷ್ಣಮೃಗದ ಬಯಲಿನಲ್ಲಿ ಗುಣವೆನಿಸಿದ ಇದೇ ಸ್ವಭಾವವು, ಚೆಂಡಿನ ಹಿಂದೆ ಓಡುವ ಮಕ್ಕಳಿರುವ ಓಣಿಯಲ್ಲಿ ಅಪಾಯವಾಗಿ ಪರಿಣಮಿಸಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆಯನ್ನು ನಿಷೇಧಿಸಿದ ಮೇಲೆ ನಾಯಿಯ ಕೆಲಸ ಹೋಯಿತು, ತಳಿ ಉಳಿಯಿತು. ದಿನವಿಡೀ ಓಡಬೇಕಾದ ಪ್ರಾಣಿಯನ್ನು ಅಂಗಳದಲ್ಲಿ ಸಾಕಿ ಹೊತ್ತು ಮುಳುಗಿದ ಮೇಲೆ ಬಿಚ್ಚಿಬಿಡುವ ರೂಢಿಯು ನೆರೆಹೊರೆಯ ಜಗಳಗಳಿಗೆ ದಾರಿ ಮಾಡಿತು.

ಊರಿನ ಆಡಳಿತವು ಬಿಡಾಡಿ ಪ್ರಾಣಿಗಳ ವಿಷಯದಲ್ಲಿ ಕೈಕಟ್ಟಿ ಕುಳಿತಿರಲಿಲ್ಲ, ಆದರೆ ಅದರ ಕಣ್ಣು ಬೆಳೆಯ ಮೇಲಿತ್ತು. ಕೊಂಡವಾಡೆ ಎಂಬುದು ಪರರ ಹೊಲಕ್ಕೆ ನುಗ್ಗಿದ ದನಗಳನ್ನು ಕೂಡಿಹಾಕಿ, ಒಡೆಯನಿಂದ ದಂಡವನ್ನೂ ಮೇವಿನ ಖರ್ಚನ್ನೂ ವಸೂಲು ಮಾಡಿ ಬಿಡುವ ದೊಡ್ಡಿ. ಬ್ರಿಟಿಷ್ ಭಾರತದ 1871ರ ಜಾನುವಾರು ಅತಿಕ್ರಮಣ ಕಾಯ್ದೆಯು ಜಾನುವಾರು ಎಂಬ ಮಾತಿನೊಳಗೆ ಆನೆ, ಒಂಟೆ, ಕುದುರೆ, ಕತ್ತೆ, ಹಂದಿ, ಕುರಿ, ಆಡುಗಳನ್ನೆಲ್ಲ ಸೇರಿಸಿಕೊಂಡಿತು, ನಾಯಿಯನ್ನು ಸೇರಿಸಲಿಲ್ಲ. ಜೋಳದ ತೆನೆ ತಿಂದ ಎಮ್ಮೆಯ ಒಡೆಯನಿಗೆ ಕಟ್ಟಬೇಕಾದ ದಂಡದ ದರ ಗೊತ್ತಿತ್ತು, ಮಗುವನ್ನು ಬೆನ್ನಟ್ಟಿದ ನಾಯಿಯ ಒಡೆಯನಿಗೆ ಅಂಥ ದರವಿರಲಿಲ್ಲ. ಹಿರಿಯರ ಕಟ್ಟೆಯಲ್ಲಿ ಮಾತಿನ ಮೇಲೆ ಮುಗಿಯುವ ವ್ಯಾಜ್ಯವದು, ಮಾತು ಸೋತಲ್ಲಿ ನಾಯಿಗೆ ವಿಷ ಬೀಳುತ್ತಿತ್ತು.

ಬರಹದ ಕಾನೂನಿನಲ್ಲಿ ಮಾತ್ರ ಉತ್ತರವಿತ್ತು. 1860ರ ಭಾರತೀಯ ದಂಡ ಸಂಹಿತೆಯ 289ನೆಯ ಕಲಮು, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯನ ಜೀವಕ್ಕೆ ಅಪಾಯವಾಗಲಿ ತೀವ್ರ ಗಾಯವಾಗಲಿ ಆಗುವ ಸಂಭವವಿದ್ದಾಗ ಸಾಕಷ್ಟು ಎಚ್ಚರಿಕೆ ವಹಿಸದವನಿಗೆ ಆರು ತಿಂಗಳವರೆಗೆ ಸಜೆ, ಒಂದು ಸಾವಿರ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಿತು. ಗಾಯವಾಗಿರಬೇಕೆಂಬ ಷರತ್ತು ಇಲ್ಲಿಲ್ಲ, ಸಂಭವವೇ ಸಾಕು. ನಾಯಿಯ ಕೆಟ್ಟ ಗುಣ ಒಡೆಯನಿಗೆ ಮೊದಲೇ ಗೊತ್ತಿತ್ತೆಂದು ತೋರಿಸಿದರಷ್ಟೇ ಪರಿಹಾರ ಕೊಡಿಸುತ್ತಿದ್ದ ಇಂಗ್ಲೆಂಡಿನ ಹಳೆಯ ರೂಢಿಗತ ನ್ಯಾಯಕ್ಕಿಂತ ಇದು ಒಂದು ಹೆಜ್ಜೆ ಮುಂದಿತ್ತು. ಈ ಸೀಮೆಯನ್ನು ಆಳುತ್ತಿದ್ದ ಹೈದರಾಬಾದಿನ ನಿಜಾಮರ ಆಡಳಿತದಲ್ಲಿ ಅದೇ ಮಾದರಿಯ ಆಸಫಿಯಾ ದಂಡ ಸಂಹಿತೆಯಿದ್ದು, 1951ರಲ್ಲಿ ಹೈದರಾಬಾದ್ ರಾಜ್ಯಕ್ಕೆ ಭಾರತೀಯ ದಂಡ ಸಂಹಿತೆಯೇ ಜಾರಿಗೆ ಬಂತು. ಮುಂಬಯಿ ರಾಜ್ಯದ 1951ರ ಪೊಲೀಸ್ ಕಾಯ್ದೆಯು, ಕಚ್ಚುವ ಸ್ವಭಾವದ ನಾಯಿಯನ್ನು ಬಾಯಿಗೆ ತೊಡಿಸುವ ಜಾಳಿಗೆಯಿಲ್ಲದೆ ಬೀದಿಗೆ ಬಿಡುವುದನ್ನೂ ಜನರ ಮೇಲೆ ನಾಯಿ ಛೂ ಬಿಡುವುದನ್ನೂ ತಪ್ಪೆಂದು ಸಾರಿತು, ಮುಂದೆ ಮರಾಠವಾಡಕ್ಕೂ ವಿಸ್ತರಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು ಹಳೆಯ ಮಾತನ್ನೇ ಉಳಿಸಿಕೊಂಡು ದಂಡದ ಮಿತಿಯನ್ನು 5 ಸಾವಿರ ರೂಪಾಯಿಗೆ ಏರಿಸಿದೆ. ಇಷ್ಟಿದ್ದರೂ ಓಣಿಯ ಜನ ಠಾಣೆಯ ಮೆಟ್ಟಿಲು ಹತ್ತಲು ಹಿಂಜರಿಯುತ್ತಾರೆ, ಏಕೆಂದರೆ ನಾಯಿಯ ಒಡೆಯನು ನಾಳೆ ಹೊಲದ ನೀರಿಗೆ, ಮದುವೆಯ ಕೆಲಸಕ್ಕೆ ಬೇಕಾಗುವವನು.

ಈ ಸೀಮೆಗೆ ವಿಶಿಷ್ಟವಾದ ಇನ್ನೊಂದು ಕಾರಣವನ್ನು ಕಡೆಗಣಿಸಲಾಗದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪವು ಔಸಾ, ನಿಲಂಗಾ ಮತ್ತು ಉಮರ್ಗಾ ತಾಲ್ಲೂಕುಗಳ ಹಳ್ಳಿಗಳನ್ನು ನೆಲಸಮ ಮಾಡಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಮೇಲೆ, 52 ಹಳ್ಳಿಗಳನ್ನು ಹೊಸ ಜಾಗಗಳಲ್ಲಿ ಕಟ್ಟಲಾಯಿತು. ಹಳೆಯ ಊರಿನಲ್ಲಿ ದಪ್ಪ ಕಲ್ಲುಗೋಡೆಯ ಮನೆಗೆ ಒಂದೇ ಬಾಗಿಲು, ಒಳಗೆ ಅಂಗಳ. ನಾಯಿಯೂ ಮಗುವೂ ಆ ಗೋಡೆಯೊಳಗೆ ಇರುತ್ತಿದ್ದವು, ಓಣಿ ಇಕ್ಕಟ್ಟಾದುದರಿಂದ ಯಾರ ನಾಯಿ ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಹೊಸ ಊರುಗಳು ನೇರ, ಅಗಲ ರಸ್ತೆಗಳ ಮೇಲೆ ಬಿಡಿಬಿಡಿಯಾಗಿ ನಿಂತ ಮನೆಗಳ ಬಡಾವಣೆಗಳಾದವು. ಜೀವ ಉಳಿಸುವ ದೃಷ್ಟಿಯಿಂದ ಆ ಬದಲಾವಣೆ ಅಗತ್ಯವಾಗಿತ್ತು. ಆದರೆ ಗೋಡೆ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಸರಪಳಿಯೇ ಮಾಡಬೇಕಾಯಿತು.

ಸರಪಳಿಯ ಮಹತ್ವ ಹುಚ್ಚುನಾಯಿ ರೋಗದ, ಅಂದರೆ ರೇಬೀಸ್‌ನ ಚರಿತ್ರೆಯಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. 1885ರಲ್ಲಿ ಪಾಶ್ಚರ್ ಮೊದಲು ಚುಚ್ಚುಮದ್ದು ಕೊಟ್ಟದ್ದು ಒಂಬತ್ತು ವರ್ಷದ ಬಾಲಕನಿಗೆ. ಭಾರತದಲ್ಲಿ ಪಾಶ್ಚರ್ ಸಂಸ್ಥೆಗಳು ಕಸೌಲಿಯಲ್ಲಿ 1900ರಲ್ಲಿಯೂ ಕುನ್ನೂರಿನಲ್ಲಿ 1907ರಲ್ಲಿಯೂ ಆರಂಭವಾದವು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ, ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಲಸಿಕೆಯೇ ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಎಂಬ ಮಾತಿಗೆ ಮೂಲವಾಗಿದ್ದು, 2004ರ ಕೊನೆಯಲ್ಲಿ ಅದರ ತಯಾರಿಕೆ ನಿಂತಿತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ರೇಬೀಸ್ ಶಂಕೆಯ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ಶೇಕಡಾ 40ರಷ್ಟು ಜನ 15 ವರ್ಷದೊಳಗಿನವರು. ಮಗುವಿನ ಮುಖ ನಾಯಿಯ ಬಾಯಿಯ ಎತ್ತರದಲ್ಲಿಯೇ ಇರುತ್ತದೆ, ಮತ್ತು ಮಗು ಬೈಗುಳಕ್ಕೆ ಹೆದರಿ ತರಚಿದ್ದನ್ನು ಮನೆಯಲ್ಲಿ ಹೇಳದೆ ಉಳಿಯಬಹುದು. ಹಾಗೆ ಉಳಿದ ಮೌನಕ್ಕೆ ಮದ್ದಿಲ್ಲ, ರೋಗದ ಲಕ್ಷಣ ಕಂಡ ಮೇಲೆ ಸಾವು ಹೆಚ್ಚುಕಡಿಮೆ ಖಚಿತ.

ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯುವುದು, ತಡವಿಲ್ಲದೆ ಲಸಿಕೆ ಆರಂಭಿಸುವುದು, ರಕ್ತ ಬಂದ ಗಾಯಕ್ಕೆ ಪ್ರತಿಕಾಯಗಳ ಸೀರಮ್ ಕೊಡಿಸುವುದು ಇಂದಿನ ಚಿಕಿತ್ಸಾಕ್ರಮ. ಇದರ ಜೊತೆಗೆ, ಕಚ್ಚಿದ ನಾಯಿಯನ್ನು ಹತ್ತು ದಿನ ಕಣ್ಣಳತೆಯಲ್ಲಿಟ್ಟು ನೋಡಬೇಕೆಂಬ ಕ್ರಮವೂ ಇದೆ, ಏಕೆಂದರೆ ಆ ಅವಧಿಯಲ್ಲಿ ನಾಯಿ ಆರೋಗ್ಯವಾಗಿ ಬದುಕಿದ್ದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೋಗಾಣು ಇರಲಿಲ್ಲವೆಂದು ತಿಳಿಯಬಹುದು. ಸಿಟ್ಟಿನಲ್ಲಿ ನಾಯಿಯನ್ನು ಹೊಡೆದು ಕೊಂದರೆ ಅಥವಾ ದಂಡಕ್ಕೆ ಹೆದರಿ ಒಡೆಯನು ಅದನ್ನು ದೂರದ ಊರಿಗೆ ಬಿಟ್ಟುಬಂದರೆ ಈ ತಿಳಿವಳಿಕೆ ಕೈತಪ್ಪುತ್ತದೆ. ಪ್ರಾಣಿ ಜನನ ನಿಯಂತ್ರಣದ 2001ರ ಮತ್ತು 2023ರ ನಿಯಮಗಳು ಸಾಕುನಾಯಿಯ ಲಸಿಕೆಯ ಹೊಣೆಯನ್ನು ಒಡೆಯನ ಮೇಲೆಯೇ ಇರಿಸಿವೆ. ಉದಗೀರದಲ್ಲಿ 1987ರಿಂದ ಪಶುವೈದ್ಯಕೀಯ ಕಾಲೇಜಿದೆ, ಗಡಿಯಾಚೆ ಬೀದರದಲ್ಲಿ ಕರ್ನಾಟಕದ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. ಹೀಗಿರುವಾಗ, ಪಕ್ಕದ ಮನೆಯ ತಾಯಿ ಬಂದು ನಾಯಿಯನ್ನು ಕಟ್ಟಿರೆಂದು ಮೊದಲ ಸಲ ಹೇಳಿದ ದಿನದಿಂದಲೇ ಒಡೆಯನಿಗೆ ಅಪಾಯದ ಅರಿವಿತ್ತೆಂದು ಲೆಕ್ಕ ಹಿಡಿಯುವುದು, ಮತ್ತು ಆ ಮಾತನ್ನು ಗ್ರಾಮ ಪಂಚಾಯಿತಿಯೋ ನಗರ ಪರಿಷತ್ತೋ ತಾರೀಖು ಹಾಕಿ ಬರೆದಿಟ್ಟುಕೊಳ್ಳುವುದು ಕಲ್ಯಾಣದ ವಿಧಿಗೂ ಇಂದಿನ 291ನೆಯ ಕಲಮಿಗೂ ಒಪ್ಪುವ ಕ್ರಮವಾಗುತ್ತದೆ.