ಹೋರಿಯ ಮೈಯಲ್ಲಿದ್ದ ಗುಟ್ಟು

ಕಾಚಿಗೂಡದ ಕೇಳುಗ ಮಿತ್ರರೇ, ಬೆಳಗಿನ ಕಾಫಿಗೆ ನೀವು ಬೆರೆಸುವ ಹಾಲು ಎಚ್.ಎಫ್. ಮಿಶ್ರತಳಿ ಹಸುವಿನದೇ? (ಎಮ್ಮೆಯದಾದರೆ ಈ ಕಥೆ ಅದರದಲ್ಲ!) ಹಾಗಿದ್ದರೆ ಕೇಳಿ.

1952ರಲ್ಲಿ ಅಮೆರಿಕದಲ್ಲಿ ಆಸ್ಬಾರ್ನ್‌ಡೇಲ್ ಐವನ್‌ಹೋ ಎಂಬ ಹೋಲ್‌ಸ್ಟೀನ್ ಹೋರಿ ಹುಟ್ಟಿತು. ಹೆಸರಾಂತ ತಳಿ. ಕೃತಕ ಗರ್ಭಧಾರಣೆಯಿಂದ ಅದರ ಸಂತತಿ ದೇಶದೇಶಕ್ಕೆ ಹಬ್ಬಿತು. ಜತೆಗೇ ಹಬ್ಬಿದ್ದು 'ಬ್ಲಾಡ್' ಎಂಬ ಆನುವಂಶಿಕ ದೋಷ. ತಂದೆ ತಾಯಿ ಇಬ್ಬರಿಂದಲೂ ಅದನ್ನು ಪಡೆದ ಕರುವಿನಲ್ಲಿ ಬಿಳಿ ರಕ್ತಕಣಗಳು ರಕ್ತನಾಳ ದಾಟಿ ಸೋಂಕಿನ ಜಾಗ ತಲುಪಲಾರವು. ಕೆಮ್ಮು, ಭೇದಿ, ಬಾಯಿಹುಣ್ಣು. ಬಹುತೇಕ ಕರುಗಳು ಎಳೆಯದರಲ್ಲೇ ಸಾಯುತ್ತವೆ. ಒಂದೇ ಹಸು ಸಾಕಿದ ಮನೆಗೆ ಅದೆಂಥ ಪೆಟ್ಟು, ಯೋಚಿಸಿ. ಒಬ್ಬರಿಂದ ಮಾತ್ರ ಬಂದಿದ್ದರೆ ಹೋರಿ ದಷ್ಟಪುಷ್ಟ. ನೋಡಿದವರಿಗೆ ಸುಳಿವೇ ಸಿಗದು.

1992ರಲ್ಲಿ ಅಮೆರಿಕದ ವಿಜ್ಞಾನಿಗಳು ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ತಪ್ಪಿರುವುದನ್ನು ಹಿಡಿದರು. ಪರೀಕ್ಷಿಸಿದ ಹೋರಿಗಳಲ್ಲಿ ನೂರಕ್ಕೆ ಸುಮಾರು 14 ಈ ದೋಷದ ವಾಹಕಗಳಾಗಿದ್ದವು!

ನಮಗೇನು ಅಂದಿರಾ? ಬೆಂಗಳೂರಿನ ಹೆಸರಘಟ್ಟದಂಥ ಘನೀಕೃತ ವೀರ್ಯ ಕೇಂದ್ರಗಳಿಂದ ಊರೂರಿಗೆ ವೀರ್ಯ ನಳಿಕೆ ಹೋಗುತ್ತದೆ. ಭಾರತದ ಹೋರಿಗಳಲ್ಲೂ ವಾಹಕಗಳು ಸಿಕ್ಕಿವೆ. ಈಗ ಎಚ್.ಎಫ್. ಹೋರಿಯನ್ನು ಕೇಂದ್ರಕ್ಕೆ ಸೇರಿಸುವ ಮುನ್ನ ರಕ್ತಪರೀಕ್ಷೆ ಕಡ್ಡಾಯ. ವಾಹಕವೆಂದು ಕಂಡರೆ ಅದಕ್ಕೆ ಜಾಗವಿಲ್ಲ, ತಾಯಿ ಎಷ್ಟೇ ಕೊಡ ಹಾಲು ಕರೆದಿರಲಿ.