ಪೈಲಟ್‌ಗಳ ಆಲೆಮನೆ

ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಅತಿ ಹೆಚ್ಚು ಚರ್ಚೆಯಾಗೋ ವಿಷಯ ಸಂಬಳ ಅಲ್ಲ, ನೋಟಿಸ್ ಪಿರಿಯಡ್ಡು. ತೊಂಬತ್ತು ದಿನ! ಹೊಸ ಕಂಪನಿಯವರು ಮೂವತ್ತು ದಿನದಲ್ಲಿ ಬಾ ಅಂತಾರೆ, ಹಳೇ ಕಂಪನಿಯವರು ಬಿಡಲ್ಲ ಅಂತಾರೆ. ಈ ಗೋಳಾಟ ಕೇಳಿದಾಗಲೆಲ್ಲ ನನಗೆ ನೆನಪಾಗೋದು ವಿಮಾನದ ಪೈಲಟ್‌ಗಳು. ಅವರ ನೋಟಿಸ್ ಪಿರಿಯಡ್ ಎಷ್ಟು ಗೊತ್ತೇ? ಕ್ಯಾಪ್ಟನ್ ಆದವರಿಗೆ ಒಂದು ವರ್ಷ. ಕೋ-ಪೈಲಟ್‌ಗೆ ಆರು ತಿಂಗಳು. ಅದೂ ಕಂಪನಿ ಬರೆದುಕೊಂಡ ಷರತ್ತು ಮಾತ್ರ ಅಲ್ಲ, 2017ರಲ್ಲಿ ಡಿಜಿಸಿಎ ಹೊರಡಿಸಿದ ಸರ್ಕಾರಿ ನಿಯಮ.

ಇದು ಹೇಗೆ ಬಂತು ಅಂತ ಹುಡುಕುತ್ತಾ ಹೋದರೆ ಕಥೆ ನಮ್ಮ ಹೇಮಾವತಿ ನೀರಿಗೇ ಬಂದು ಮುಟ್ಟುತ್ತೆ.

ಕೆ.ಆರ್.ಪೇಟೆ, ನಾಗಮಂಗಲ, ಪಾಂಡವಪುರದ ಕಡೆಯವರಿಗೆ ಹೇಮಾವತಿ ಎಡದಂಡೆ ನಾಲೆ ಏನು ಅಂತ ಹೇಳಬೇಕಾಗಿಲ್ಲ. ಆ ನೀರು ಬರೋದು ಗೊರೂರಿನ ಅಣೆಕಟ್ಟೆಯಿಂದ. ಆ ಅಣೆಕಟ್ಟೆ ಕಟ್ಟಿದಾಗ ಜಮೀನು ಮುಳುಗಿಸಿಕೊಂಡ ಕುಟುಂಬಗಳಲ್ಲಿ ಗೊರೂರಿನ ಗೋಪಿನಾಥ್ ಅವರದೂ ಒಂದು. ಸೈನ್ಯದಲ್ಲಿ ಕ್ಯಾಪ್ಟನ್ ಆಗಿ ಹೊರಬಂದವರು, ಪರಿಹಾರವಾಗಿ ಸಿಕ್ಕ ಜಾವಗಲ್ ಕಡೆಯ ಬರಡು ನೆಲದಲ್ಲಿ ಕೃಷಿ ಮಾಡಿದರು. ಆಮೇಲೆ ಹೆಲಿಕಾಪ್ಟರ್ ಕಂಪನಿ, 2003ರ ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್. ಒಂದು ರೂಪಾಯಿ ಟಿಕೆಟ್ಟಿನ ಕಥೆ ನಮ್ಮ ಅಪ್ಪಂದಿರಿಗೆಲ್ಲ ಗೊತ್ತು. ನಮ್ಮ ಊರಿನ ಗದ್ದೆಗೆ ನೀರು ಬರಲಿ ಅಂತ ಯಾರ ಜಮೀನು ಮುಳುಗಿತೋ, ಅವರೇ ನಮ್ಮಂಥವರನ್ನ ಮೊದಲ ಸಲ ವಿಮಾನ ಹತ್ತಿಸಿದ್ದು. (ಅವರ ಬದುಕಿನ ಮೇಲೆ ಬಂದ 'ಸೂರರೈ ಪೋಟ್ರು' ಸಿನಿಮಾ ಈ ಕಥೆಯನ್ನ ತಮಿಳುನಾಡಿಗೆ ಸಾಗಿಸಿತು, ಹಿಂದಿಯವರು ಮಹಾರಾಷ್ಟ್ರಕ್ಕೆ. ನಮ್ಮವರು ಸುಮ್ಮನಿದ್ದರು. ಅದು ಬೇರೆ ಬೇಜಾರು.)

ಏರ್ ಡೆಕ್ಕನ್ ಹಾದಿ ತೋರಿಸಿದ ಮೇಲೆ ಸಾಲುಸಾಲಾಗಿ ಬಂದರು. 2005ರಲ್ಲಿ ಸ್ಪೈಸ್‌ಜೆಟ್, ಕಿಂಗ್‌ಫಿಶರ್, ಗೋಏರ್; 2006ರಲ್ಲಿ ಇಂಡಿಗೋ. ದುಡ್ಡು ಕೊಟ್ಟರೆ ವಿಮಾನ ತರಬಹುದು, ಲೀಸಿಗೆ ಸಿಗುತ್ತೆ. ಕ್ಯಾಪ್ಟನ್ ಹಾಗೆ ಸಿಗಲ್ಲ. ಸಾವಿರಾರು ಗಂಟೆ ಹಾರಿದ ಅನುಭವ ಬೇಕು, ಪ್ರತಿ ಮಾದರಿಯ ವಿಮಾನಕ್ಕೂ ಬೇರೆ ತರಬೇತಿ ಬೇಕು. ಹಾಗಾಗಿ ಕಂಪನಿಗಳು ಒಂದರಿಂದ ಇನ್ನೊಂದು ಪೈಲಟ್‌ಗಳನ್ನ ಎಳೆಯೋಕೆ ಶುರುಮಾಡಿದವು. ಪೈಲಟ್‌ಗೆ ಆಗ ಸುವರ್ಣಕಾಲ. ಸಂಘ ಬೇಡ, ಸಂಧಾನ ಬೇಡ. ರಾಜೀನಾಮೆ ಪತ್ರವೇ ಸಂಧಾನ. ಅದು ಹೆಚ್ಚು ದಿನ ನಡೀಲಿಲ್ಲ. 2005ರ ಸೆಪ್ಟೆಂಬರ್‌ನಲ್ಲೇ ಡಿಜಿಸಿಎ ಆರು ತಿಂಗಳ ನೋಟಿಸ್ ಕಡ್ಡಾಯ ಮಾಡಿತು. ಪೈಲಟ್ ಇದ್ದಕ್ಕಿದ್ದಂತೆ ಬಿಟ್ಟುಹೋದರೆ ವಿಮಾನ ರದ್ದಾಗುತ್ತೆ, ಪ್ರಯಾಣಿಕರಿಗೆ ತೊಂದರೆ, ಆದ್ದರಿಂದ ಇದು ಸಾರ್ವಜನಿಕ ಹಿತ ಅನ್ನೋದು ವಾದ.

ಈ ವಾದವನ್ನ ನಾನು ಮೊದಲೇ ಎಲ್ಲೋ ಕೇಳಿದ್ದೆ ಅನ್ನಿಸ್ತಿತ್ತು. ಕೇಳಿದ್ದು ಪಾಂಡವಪುರದ ಹತ್ತಿರ, ನಮ್ಮ ದೊಡ್ಡಪ್ಪನ ಮನೆ ಜಗಲಿ ಮೇಲೆ.

ಕಬ್ಬಿಗೂ ಇಂಥದ್ದೇ ಕಾನೂನಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಒಂದೊಂದು ಕಾರ್ಖಾನೆಗೂ ಒಂದಷ್ಟು ಊರುಗಳನ್ನ ಗೊತ್ತುಮಾಡಬಹುದು. ಆ ಊರಿನ ಕಬ್ಬು ಆ ಕಾರ್ಖಾನೆಗೇ. ಕಾರ್ಖಾನೆ ನಿಲ್ಲಬಾರದು, ಅರೆಯೋಕೆ ಕಬ್ಬು ತಪ್ಪಬಾರದು. ಇಲ್ಲೂ ಸಾರ್ವಜನಿಕ ಹಿತವೇ. ಅದೇ ಆದೇಶದಲ್ಲಿ ಇನ್ನೊಂದು ಮಾತಿದೆ: ಕಬ್ಬು ತಗೊಂಡ 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ಶೇಕಡಾ 15ರ ಬಡ್ಡಿ. ಮೊದಲನೇ ಮಾತು ಗಟ್ಟಿಯಾಗಿ ಜಾರಿಗೆ ಬರುತ್ತೆ. ಎರಡನೇದನ್ನ ನಮ್ಮ ಜಿಲ್ಲೆಯ ರೈತರು ರಸ್ತೆಗಿಳಿದು ಜಾರಿ ಮಾಡಿಸಿಕೊಳ್ಳಬೇಕು.

"ಕಟ್ಟಿಹಾಕೋ ಹಗ್ಗ ಮಾತ್ರ ಸರ್ಕಾರದ್ದು ಕನಪ್ಪ, ಮೇವು ನಾವೇ ಹುಡಿಕ್ಕೋಬೇಕು" ಅಂತಿದ್ದರು ದೊಡ್ಡಪ್ಪ. ಬಾಕಿ ಉಳಿಸಿಕೊಂಡ ಕಾರ್ಖಾನೆ ಮೇಲಿನ ಸಿಟ್ಟಿಗೆ ಅವರು ಆ ವರ್ಷ ಅರ್ಧ ಕಬ್ಬನ್ನ ಆಲೆಮನೆಗೆ ಹೊಡೆದಿದ್ದರು. ಬೆಲ್ಲಕ್ಕೆ ರೇಟು ಸಿಕ್ಕಿತ್ತು, ಕೈಗೆ ಕಾಸು ತಕ್ಷಣ ಬಂದಿತ್ತು. ನಮ್ಮ ಕಡೆ ರೈತನಿಗೆ ಕಾರ್ಖಾನೆ ಮುಂದೆ ಬೆನ್ನು ನೆಟ್ಟಗೆ ನಿಲ್ಲಿಸಿದ್ದು ಎರಡು: ಒಂದು ಆಲೆಮನೆ, ಇನ್ನೊಂದು ರೈತಸಂಘ. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯನವರು ಮೇಲುಕೋಟೆಯಿಂದ ವಿಧಾನಸಭೆಗೆ ಹೋಗಿದ್ದೇ ಹಸಿರು ಶಾಲು ಹೆಗಲ ಮೇಲೆ ಹಾಕ್ಕೊಂಡು. ಮಂತ್ರಿಯ ಎದುರು ಕೂತು ಟನ್ನಿಗೆ ಎಷ್ಟು ಅಂತ ಕೇಳೋಕೆ ರೈತನಿಗೊಂದು ಕುರ್ಚಿ ಇತ್ತು.

ಪೈಲಟ್‌ಗೆ ಆಲೆಮನೆ ಇತ್ತು: ಗಲ್ಫ್‌ನ ವಿಮಾನ ಕಂಪನಿಗಳು. ಆದರೆ ಖಾಸಗಿ ಕಂಪನಿಯಲ್ಲಿ ಕುರ್ಚಿ ಇರಲಿಲ್ಲ. ಇಂಡಿಯನ್ ಏರ್‌ಲೈನ್ಸ್, ಏರ್ ಇಂಡಿಯಾ ಸರ್ಕಾರದ್ದಾಗಿದ್ದಾಗ ಪೈಲಟ್ ಸಂಘಗಳು ಜೋರಾಗಿದ್ದವು, ಮುಷ್ಕರ ಹೂಡಿದರೆ ದೆಹಲಿ ನಡುಗುತ್ತಿತ್ತು. ಖಾಸಗಿಯವರು ಬಂದಮೇಲೆ ಅದೇ ಭಯ ಅವರಿಗೆ ಅಂಟಿಕೊಂಡಿತು. 2009ರಲ್ಲಿ ಜೆಟ್ ಏರ್‌ವೇಸ್ ಪೈಲಟ್‌ಗಳು ನ್ಯಾಷನಲ್ ಏವಿಯೇಟರ್ಸ್ ಗಿಲ್ಡ್ ಅಂತ ಸಂಘ ಕಟ್ಟಿದರು. ಕಂಪನಿ ಇಬ್ಬರನ್ನ ಕೆಲಸದಿಂದ ತೆಗೆಯಿತು. ಸೆಪ್ಟೆಂಬರ್ 8ರಿಂದ ನೂರಾರು ಪೈಲಟ್‌ಗಳು 'ಹುಷಾರಿಲ್ಲ' ಅಂತ ರಜೆ ಹಾಕಿದರು. ಐದು ದಿನ ದೇಶವೆಲ್ಲ ಒದ್ದಾಡಿತು. ಕೊನೆಗೆ ತೆಗೆದವರನ್ನ ವಾಪಸ್ ತಗೊಂಡರು. ಸಂಘದ ಜಾಗದಲ್ಲಿ ಬಂದದ್ದು ಮಾತ್ರ ಆಡಳಿತ ಮತ್ತು ಪೈಲಟ್‌ಗಳ ಒಂದು ಸಮಾಲೋಚನಾ ಗುಂಪು. ಸಮಾಲೋಚನೆಗೂ ಸಂಧಾನಕ್ಕೂ ಎಷ್ಟು ದೂರ ಅಂತ ನಮ್ಮ ಕಂಪನಿಗಳ ಟೌನ್‌ಹಾಲ್ ಮೀಟಿಂಗಿನಲ್ಲಿ ಕೂತವರಿಗೆ ವಿವರಿಸೋದು ಬೇಡ.

ಅಷ್ಟರಲ್ಲಿ ಏರ್ ಡೆಕ್ಕನ್ ಕೈ ಬದಲಾಗಿತ್ತು. 2007ರಲ್ಲಿ ಮಲ್ಯ ಪಾಲು ಕೊಂಡರು, ಮರುವರ್ಷ ಅದು ಕಿಂಗ್‌ಫಿಶರ್ ರೆಡ್ ಆಯಿತು, 2011ರಲ್ಲಿ ಆ ಅಗ್ಗದ ಸೇವೆ ನಿಲ್ಲಿಸುತ್ತೇವೆ ಅಂದರು. ಆಮೇಲೆ ಸಂಬಳವೇ ನಿಂತಿತು. 2012ರ ಸೆಪ್ಟೆಂಬರ್ ಕೊನೆಯಲ್ಲಿ ಎಂಜಿನಿಯರ್‌ಗಳು, ಪೈಲಟ್‌ಗಳು ಕೆಲಸ ನಿಲ್ಲಿಸಿದಾಗ ಆರೇಳು ತಿಂಗಳ ಬಾಕಿ ಇತ್ತು. ಅಕ್ಟೋಬರ್ 20ಕ್ಕೆ ಡಿಜಿಸಿಎ ಲೈಸೆನ್ಸ್ ಅಮಾನತು ಮಾಡಿತು. ಅದಾಗಿ ಐದು ದಿನಕ್ಕೆ ಒಪ್ಪಂದ: ಬಾಕಿಯಲ್ಲಿ ಒಂದಷ್ಟನ್ನ ದೀಪಾವಳಿಯೊಳಗೆ ಕಂತಿನಲ್ಲಿ ಕೊಡ್ತೀವಿ, ಕೆಲಸಕ್ಕೆ ಬನ್ನಿ. ಸಿಬ್ಬಂದಿ ಒಪ್ಪಿದರು. ಆದರೆ ಕಿಂಗ್‌ಫಿಶರ್ ವಿಮಾನ ಮತ್ತೆ ಹಾರಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಸಿಕ್ಕ ಒಪ್ಪಂದ ಅದು.

ಇಷ್ಟೆಲ್ಲ ಆದರೂ 2017ರಲ್ಲಿ ಬದಲಾದದ್ದು ನೋಟಿಸ್ ಅವಧಿ, ಅದೂ ಉದ್ದಕ್ಕೆ. ಪೈಲಟ್ ಸಂಘಟನೆಗಳು ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಿದವು. 2023ರಲ್ಲಿ ಆಕಾಸ ಏರ್‌ನಿಂದ 43 ಪೈಲಟ್‌ಗಳು ನೋಟಿಸ್ ಮುಗಿಸದೇ ಹೊರಟಾಗ ಕಂಪನಿಯೂ ಕೋರ್ಟಿಗೇ ಹೋಯಿತು. ಎದುರುಬದುರು ಕೂರೋ ಮೇಜು ಇಲ್ಲದಿದ್ದರೆ ಎಲ್ಲರೂ ಹೋಗೋದು ಕಟಕಟೆಗೇ.

ಇದರಿಂದ ನಮಗೇನು ಅಂತ ಕೇಳೋರಿಗೆ 2025ರ ಡಿಸೆಂಬರ್ ಮೊದಲ ವಾರ ನೆನಪಿಸ್ತೀನಿ. ಕೆಂಪೇಗೌಡ ಏರ್‌ಪೋರ್ಟಿನಲ್ಲಿ ಸೂಟ್‌ಕೇಸ್ ಮೇಲೆ ತಲೆಯಿಟ್ಟು ಮಲಗಿದವರಲ್ಲಿ ನಿಮ್ಮ ಸ್ನೇಹಿತರೂ ಇದ್ದಿರಬೇಕು. ಜಗಳದ ಮೂಲ ನಿದ್ದೆ. ಪೈಲಟ್‌ಗೆ ವಾರಕ್ಕೆ 36 ಗಂಟೆ ಬದಲು 48 ಗಂಟೆ ವಿಶ್ರಾಂತಿ, ರಾತ್ರಿ ಲ್ಯಾಂಡಿಂಗ್ ಆರರ ಬದಲು ಎರಡು ಅನ್ನೋ ನಿಯಮ 2024ರ ಜನವರಿಯಲ್ಲೇ ಪ್ರಕಟವಾಗಿತ್ತು. ಕಂಪನಿಗಳು ಬೇಡ ಅಂದವು, ಮುಂದೂಡಿದರು, ಹೈಕೋರ್ಟಿನಲ್ಲಿ ವಾದ ನಡೆದ ಮೇಲೆ ಎರಡು ಹಂತದಲ್ಲಿ ಜಾರಿಗೆ ಬಂತು. ಎರಡನೇ ಹಂತ ನವೆಂಬರ್ 1ಕ್ಕೆ. ಇಂಡಿಗೋ ಸಾಕಷ್ಟು ಪೈಲಟ್‌ಗಳನ್ನ ಸಿದ್ಧಮಾಡಿಕೊಂಡಿರಲಿಲ್ಲ. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನ ರದ್ದು. ಆಗ ಸರ್ಕಾರ ಮಾಡಿದ್ದೇನು? ರಾತ್ರಿ ಹಾರಾಟದ ನಿಯಮಗಳಿಂದ ಇಂಡಿಗೋಗೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ಕೊಟ್ಟಿತು. ಒಬ್ಬ ಪೈಲಟ್ ಬಿಟ್ಟುಹೋಗದಂತೆ ಕಟ್ಟಲು ಬಳಸಿದ 'ಪ್ರಯಾಣಿಕರ ತೊಂದರೆ'ಯನ್ನೇ ಅವನ ನಿದ್ದೆ ಕತ್ತರಿಸಲೂ ಬಳಸಿದರು. ನನಗಂತೂ ಇದು ನ್ಯಾಯ ಅನ್ನಿಸಲಿಲ್ಲ. ಬೆಳಗಿನ ಜಾವ ಮೂರಕ್ಕೆ ನನ್ನನ್ನ ಕೂರಿಸಿಕೊಂಡು ಇಳಿಸೋನು ನಿದ್ದೆ ಮಾಡಿರಲಿ ಅನ್ನೋದೂ ಪ್ರಯಾಣಿಕರ ಹಿತವೇ ಅಲ್ಲವೇ?

ಇಲ್ಲೊಂದು ಕಾಕತಾಳೀಯ ಇದೆ. ಆ ಗೊಂದಲಕ್ಕೆ ಎರಡು ವಾರ ಮುಂಚೆ, ನವೆಂಬರ್ 21ಕ್ಕೆ, ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅದರಲ್ಲಿ 51% ಕಾರ್ಮಿಕರ ಬೆಂಬಲ ಇರೋ ಸಂಘವನ್ನ ಮಾಲೀಕ ಸಂಧಾನಕ್ಕೆ ಒಪ್ಪಲೇಬೇಕು ಅನ್ನೋ ಮಾತಿದೆ. ಆದರೆ ಲಕ್ಷಗಟ್ಟಲೆ ಸಂಬಳ ತಗೊಳ್ಳೋ ಪೈಲಟ್ 'ಕಾರ್ಮಿಕ' ಹೌದೋ ಅಲ್ಲವೋ ಅನ್ನೋದು ಕೋರ್ಟುಗಳು ಎಷ್ಟೋ ವರ್ಷದಿಂದ ಜಗ್ಗಾಡ್ತಿರೋ ಪ್ರಶ್ನೆ. ನಮ್ಮ ಕ್ಯಾಂಟೀನಿನವರಿಗೂ ಅದೇ ಪ್ರಶ್ನೆ ಇದೆ, ಯಾರೂ ಇನ್ನೂ ಕೇಳಿಲ್ಲ.

ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ನಿಂತು, 2020ರಲ್ಲಿ 40 ವರ್ಷದ ಗುತ್ತಿಗೆಗೆ ನಿರಾಣಿ ಶುಗರ್ಸ್‌ಗೆ ಹೋಯಿತು. ಪೈಲಟ್‌ಗಳ ವಿಷಯ ದೊಡ್ಡಪ್ಪನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಅಲ್ಲ ಕನ್ಲಾ, ಅಷ್ಟೊಂದು ಓದವ್ರೆ, ಅವರ್ದೂ ಒಂದು ಸಂಗ ಇಲ್ವಾ?"