ಸಾಲದ ಪುಸ್ತಕದ ಹಿಂದಿನ ಪುಟಗಳು

ಯಡಿಯೂರು ಕೆರೆಯಿಂದ ಕೂಗಳತೆಯಲ್ಲಿ ನನ್ನದೊಂದು ಸ್ಟೇಷನರಿ ಅಂಗಡಿ. ನೋಟ್‌ಬುಕ್ಕು, ಝೆರಾಕ್ಸು, ಲ್ಯಾಮಿನೇಷನ್ನು. ಮುಂದೆ ಚರಂಡಿಯ ಮೇಲೆ ಹಾಸಿದ ಎರಡು ಚಪ್ಪಡಿ ಕಲ್ಲೇ ನಮ್ಮ ಕಟ್ಟೆ. ಬೆಳಗ್ಗೆ ಕೆರೆ ಸುತ್ತಿ ಬಂದವರು ಅಲ್ಲಿ ಕೂತು ಬೆವರು ಆರಿಸಿಕೊಳ್ಳುತ್ತಾರೆ, ಆರ್‌ಸಿಬಿಯನ್ನು ಬೈಯುತ್ತಾರೆ. ಸೋತದ್ದಕ್ಕಲ್ಲ, ಬಿಟ್ಟದ್ದಕ್ಕೆ. ಯಾರನ್ನು ಯಾವ ವರ್ಷ ಬಿಟ್ಟರು, ಹರಾಜಿನಲ್ಲಿ ಸುಮ್ಮನೆ ಕೂತದ್ದು ಯಾಕೆ ಅಂತ. ಜಗಳ ಬಿಡಿಸೋಣ ಎಂದು ನಾನು ಸಾಲದ ಪುಸ್ತಕದ ಹಿಂದಿನ ಪುಟಗಳಲ್ಲಿ ಇಸವಿ ಹಾಕಿ ಎಲ್ಲ ಬರೆದಿಡತೊಡಗಿದೆ. ಮುಂದಿನ ಪುಟಗಳ ಬಾಕಿಯಾದರೂ ಅಷ್ಟಿಷ್ಟು ವಸೂಲಾಗಿದೆ.

ನಮ್ಮಪ್ಪನ ಕಾಲದ ಕಟ್ಟೆಯಲ್ಲಿ ಈ ತಕರಾರೇ ಇರಲಿಲ್ಲ. 1973-74ರಲ್ಲಿ ಕರ್ನಾಟಕ ಮೊದಲ ಸಲ ರಣಜಿ ಗೆದ್ದಾಗ ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್ ನಮ್ಮವರು, ಅಷ್ಟೆ. ಆಗ ಬೈಗುಳವೆಲ್ಲ ಆಯ್ಕೆದಾರರಿಗೆ ಹೋಗುತ್ತಿತ್ತು. ಆಟಗಾರನಿಗೆ ಬೆಲೆಚೀಟಿ ಅಂಟಿದ್ದು 2008ರಲ್ಲಿ, ಐಪಿಎಲ್ ಬಂದಾಗ.

ಆ ವರ್ಷ ಬೆಂಗಳೂರು ತಂಡ ಯುಬಿ ಕಂಪನಿಯ ಪಾಲಾದದ್ದು 11 ಕೋಟಿ 16 ಲಕ್ಷ ಡಾಲರಿಗೆ. ದ್ರಾವಿಡ್ 'ಐಕಾನ್' ಆಟಗಾರ, ಹರಾಜಿಗೇ ಇಲ್ಲ. ತಂಡದ ಅತಿ ದುಬಾರಿ ಆಟಗಾರನಿಗಿಂತ ಶೇ. 15 ಹೆಚ್ಚು ಸಂಬಳ ಎಂಬ ನಿಯಮ. ಕಾಲಿಸ್‌ಗೆ 9 ಲಕ್ಷ ಡಾಲರ್ ಆದಮೇಲೆ ದ್ರಾವಿಡ್‌ಗೆ ಎಷ್ಟು ಅಂತ ಗಣಿತದ ಮೇಷ್ಟ್ರು ನನ್ನ ಅಂಗಡಿಯ ರಟ್ಟಿನ ಮೇಲೇ ಲೆಕ್ಕ ಹಾಕಿದ್ದರು: 10 ಲಕ್ಷದ 35 ಸಾವಿರ. ಏಪ್ರಿಲ್ 18ರ ಮೊದಲ ಪಂದ್ಯದಲ್ಲಿ ಮೆಕಲಮ್ ಒಬ್ಬನೇ 158 ಬಾರಿಸಿದ, ನಾವೆಲ್ಲ ಸೇರಿ 82. "ಟೆಸ್ಟ್ ಟೀಮ್ ಕಟ್ಟವ್ರೆ ಕಣಯ್ಯ" ಅಂದರು ಮೇಷ್ಟ್ರು. ಕಾಲಿಸ್, ಜಾಫರ್, ಚಂದ್ರಪಾಲ್ ಇದ್ದ ತಂಡಕ್ಕೆ ಬೇರೆ ಏನನ್ನುವುದು?

ಆದರೆ ಆ ವರ್ಷದ ಒಂದು ನಿಯಮ ಈಗ ಯಾರಿಗೂ ನೆನಪಿಲ್ಲ. ಪ್ರತಿ ತಂಡವೂ ತನ್ನ ಸೀಮೆಯ ನಾಲ್ವರನ್ನಾದರೂ ಇಟ್ಟುಕೊಳ್ಳಬೇಕಿತ್ತು. ಆ ಕಟ್ಟು ಸಡಿಲವಾದ ಮೇಲೆಯೇ ನಮ್ಮ ಹುಡುಗರು ಚೆಲ್ಲಾಪಿಲ್ಲಿಯಾದದ್ದು ಎಂದು ನನ್ನ ವಾದ. ಮೇಷ್ಟ್ರು ಒಪ್ಪುವುದಿಲ್ಲ, ಮಾಲೀಕರಿಗೆ ಕಣ್ಣಿರಲಿಲ್ಲ ಅನ್ನುತ್ತಾರೆ.

2011ರ ಪುಟ ತೆಗೆದರೆ ಇಬ್ಬರೂ ಸುಮ್ಮನಾಗುತ್ತೇವೆ. ಆ ಸಲ ತಂಡ ಉಳಿಸಿಕೊಂಡದ್ದು ಕೊಹ್ಲಿ ಒಬ್ಬರನ್ನೇ. ದ್ರಾವಿಡ್ ರಾಜಸ್ಥಾನಕ್ಕೆ ಹೋದರು. ಉತ್ತಪ್ಪ ಪುಣೆಗೆ; 2009ರಲ್ಲಿ ಜಹೀರ್‌ನನ್ನು ಮುಂಬೈಗೆ ಕೊಟ್ಟು ತಂದ ಉತ್ತಪ್ಪ! ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ ಮನೀಶ್ ಪಾಂಡೆ, ಅದೂ ಆರ್‌ಸಿಬಿ ಅಂಗಿಯಲ್ಲೇ ಹೊಡೆದವನು, ಅವನೂ ಪುಣೆಗೆ.

ಇದರ ಬಡ್ಡಿ ಕಟ್ಟಿದ್ದು 2014ರ ಜೂನ್ 1ರಂದು. ಫೈನಲ್ ನಮ್ಮ ಚಿನ್ನಸ್ವಾಮಿಯಲ್ಲೇ, ಆಡಿದ್ದು ಕೋಲ್ಕತ್ತ ಮತ್ತು ಪಂಜಾಬ್. ಅಂಗಡಿಯ ಪುಟ್ಟ ಟಿವಿ ಮುಂದೆ ಹನ್ನೆರಡು ಜನ. ಕೋಲ್ಕತ್ತಕ್ಕೆ 200 ಬೇಕು. ಅಷ್ಟರಲ್ಲಿ ಕೋಲ್ಕತ್ತ ಸೇರಿದ್ದ ಮನೀಶ್ 50 ಎಸೆತಕ್ಕೆ 94. ಅವನ ಒಂದೊಂದು ಸಿಕ್ಸರಿಗೂ ನಮ್ಮ ಕಟ್ಟೆಯಲ್ಲಿ ಅರ್ಧ ಚಪ್ಪಾಳೆ, ಅರ್ಧ ಬೈಗುಳ. ಆ ವರ್ಷ ಎಲ್ಲರಿಗಿಂತ ಹೆಚ್ಚು ರನ್, 660, ಹೊಡೆದದ್ದೂ ಕೋಲ್ಕತ್ತದ ಉತ್ತಪ್ಪನೇ. "ನಮ್ ಮನೆ ಮಗ ಪಕ್ಕದ್ಮನೆಗೆ ನೀರು ಹೊತ್ತಂಗಾಯ್ತು" ಅಂತ ಹೂವಿನಂಗಡಿ ಅಕ್ಕ ಅಂದಳು. ಅವಳಿಗೆ ಕ್ರಿಕೆಟ್ ಅಷ್ಟಕ್ಕಷ್ಟೆ.

ಪುಸ್ತಕ ನನ್ನದೇ ಆದರೂ ಅದರಲ್ಲೊಂದು ಪಕ್ಷಪಾತ ಇದೆ, ಹೇಳಿಬಿಡುತ್ತೇನೆ. 2018ರಲ್ಲಿ ನಮ್ಮಲ್ಲಿದ್ದ ಡಿ ಕಾಕ್‌ನನ್ನು ಮರುವರ್ಷ ಮುಂಬೈಗೆ ಕೊಟ್ಟರು. 2019, 2020 ಎರಡೂ ಕಪ್ ಮುಂಬೈಗೆ; ಅವನು ಎರಡು ಸಲವೂ ಐನೂರರ ಮೇಲೆ ಹೊಡೆದ. ಲೆಕ್ಕದಲ್ಲಿ ಅದು ದೊಡ್ಡ ನಷ್ಟ. ನನ್ನ ಪುಸ್ತಕದಲ್ಲಿ ಅದಕ್ಕೆ ಅರ್ಧ ಸಾಲು. 2018ರಲ್ಲಿ ನಮ್ಮ ಹುಡುಗ ಕೆ.ಎಲ್. ರಾಹುಲ್‌ನನ್ನು ಬಿಟ್ಟು, ಪಂಜಾಬ್ 11 ಕೋಟಿಗೆ ಒಯ್ದದ್ದಕ್ಕೆ ಎರಡು ಪುಟ.

ಬಂದದ್ದರ ಲೆಕ್ಕವನ್ನೂ ಯಾರೂ ಕೇಳುವುದಿಲ್ಲ. 2008ರಲ್ಲಿ ಹತ್ತೊಂಬತ್ತರೊಳಗಿನ ಹುಡುಗರನ್ನು ಆರಿಸುವಾಗ ಡೆಲ್ಲಿ ತಂಡ ತನ್ನ ಊರಿನ ಕೊಹ್ಲಿಯನ್ನು ಬಿಟ್ಟು ಪ್ರದೀಪ್ ಸಾಂಗ್ವಾನ್‌ನನ್ನು ತೆಗೆದುಕೊಂಡಿತು. ಅಲ್ಲಿಯ ಯಾವುದೋ ಕಟ್ಟೆಯಲ್ಲಿ ಅದಕ್ಕೆಷ್ಟು ಪುಟ ಬರೆದಿದ್ದಾರೋ! 2011ರ ಹರಾಜಿನಲ್ಲಿ ಗೇಲ್‌ನನ್ನು ಯಾರೂ ಕೇಳಲಿಲ್ಲ. ಡರ್ಕ್ ನಾನಸ್ ಗಾಯಗೊಂಡದ್ದಕ್ಕೆ ಕರೆಸಿದರು. ಬಂದವನು ಮೊದಲ ಪಂದ್ಯದಲ್ಲೇ ಶತಕ ಹೊಡೆದ.

2025ರ ಏಪ್ರಿಲ್ 10ರ ರಾತ್ರಿ ಡೆಲ್ಲಿ ಅಂಗಿಯ ರಾಹುಲ್ ಚಿನ್ನಸ್ವಾಮಿಯಲ್ಲಿ 93 ಹೊಡೆದು, ಔಟಾಗದೆ ಗೆಲ್ಲಿಸಿ, ಕಾಂತಾರದಲ್ಲಿ ಮಾಡಿದ ಹಾಗೆ ಬ್ಯಾಟಿನಿಂದ ನೆಲಕ್ಕೆ ವೃತ್ತ ಎಳೆದು ಊರಿದ. ಇದು ನನ್ನ ಜಾಗ ಅಂತ. ಮರುದಿನ ಕಟ್ಟೆಗೆ ಬಂದ ಮೇಷ್ಟ್ರು, "ಸರಿಯಾಗೇ ಹೇಳ್ದ, ಬಿಡು" ಅಂದು ಕಾಫಿ ಮುಗಿಸಿದರು.

ಜೂನ್ 3ಕ್ಕೆ ಹದಿನೆಂಟನೇ ವರ್ಷದ ಕಪ್ ಬಂತು. ಫೈನಲ್ ಆಡಿದವರಲ್ಲಿ ಮಯಾಂಕ್ ಅಗರ್ವಾಲ್ ಇದ್ದ. 2013ರವರೆಗೆ ನಮ್ಮವನೇ, ಆಮೇಲೆ ಊರೂರು ಸುತ್ತಿ, ಹರಾಜಿನಲ್ಲಿ ಯಾರಿಗೂ ಬೇಡವಾಗಿ, ಪಡಿಕ್ಕಲ್ ಗಾಯಗೊಂಡ ಮೇಲೆ ಬಂದು ಸೇರಿದವನು. ಹಳೇ ಬಾಕಿ ಎಂದು ಬರೆದಿದ್ದ ಆ ಒಂದು ಹೆಸರಿಗೆ ಅಡ್ಡಗೆರೆ ಎಳೆದೆ. ಮಾರನೆಯ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಸತ್ತರು. ಎಷ್ಟೋ ದಿನ ಕಟ್ಟೆಯಲ್ಲಿ ಯಾರೂ ಆಟದ ಮಾತೆತ್ತಲಿಲ್ಲ.

ಗೌರಿ-ಗಣೇಶ ಬಂತು. ಕೆರೆಯ ಕಲ್ಯಾಣಿಗೆ ಗಣಪನನ್ನು ಬಿಡಲು ಸಾಲು ನಿಂತಿತ್ತು. ಮೇಷ್ಟ್ರು ಮೊಮ್ಮಗನ ಕೈಲಿ ಗಣಪನನ್ನು ಕೊಟ್ಟು, ಅಂಗಡಿ ಕಡೆ ಬಂದು, ಗಂಟಲು ಸರಿಮಾಡಿಕೊಂಡು ಕೇಳಿದರು:

"ಅದಿರಲಿ, ಸಿರಾಜ್‌ನ ಯಾಕಯ್ಯ ಬಿಟ್ರು?"

ನಾನು ಪುಸ್ತಕ ತೆಗೆದೆ.